ಎರಡು ಎಂದಾಗ ಎದ್ದವಳು

ಗುರುವಾರ, ಮಾರ್ಚ್ ೧೩

ಪ್ರೀತಿಯ ಅತ್ತೆ,

ನಮಸ್ಕಾರ. ತಲುಪಿದ ದಿನವೇ ಬರೆಯುತ್ತೇನೆ ಎಂದು ಹೇಳಿ ಬಂದವಳು ಈಗ ಪೆನ್ನು ಹಿಡಿದಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ. ದಿನವೂ ಫೋನಿನಲ್ಲಿ ಮಾತಾಡುತ್ತೇವಲ್ಲ, ಇನ್ನು ಪತ್ರ ಯಾಕೆ ಎನ್ನುತ್ತೀರಿ. ನಿಮಗೆ ಕೇಳಿಸಬೇಕಾದರೆ ಸ್ಪೀಕರ್ ಹಾಕಬೇಕು, ಸ್ಪೀಕರ್ ಹಾಕಿದರೆ ನಿಮ್ಮ ಮೊಮ್ಮಗಳು ಬಟಾಣಿ ಯಾವ ಮೂಲೆಯಲ್ಲಿದ್ದರೂ ಓಡಿ ಬರುತ್ತಾಳೆ. ಇದು ಅವಳ ಕಿವಿಗೆ ಬೀಳುವ ಮಾತಲ್ಲ. ಅವಳು ಮಲಗಿದ ಮೇಲೆ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿ.

ನಾನು ಚೆನ್ನಾಗಿದ್ದೇನೆ. ಊಟ ಸೇರುತ್ತಿದೆ, ನಿದ್ದೆ ಮಾತ್ರ ಬಂದ ಹಾಗೆ ಮಾಡಿ ಹೋಗುತ್ತದೆ. ಕಂಪನಿಯವರು ಕೊಟ್ಟ ಕೋಣೆಯಲ್ಲಿ ಒಂದು ಮಂಚ, ಒಂದು ಮೇಜು, ಬಾಗಿಲು ನಿಲ್ಲದ ಒಂದು ಬೀರು. ಇಷ್ಟು ಬರೆಯುವುದರೊಳಗೆ ಎರಡು ಸಲ ಎದ್ದು ಆ ಬಾಗಿಲನ್ನು ಒತ್ತಿ ಬಂದೆ. ಕೂತಲ್ಲಿ ಕೂರಲಾಗುತ್ತಿಲ್ಲ. ಕಿಟಕಿಯಿಂದ ವಿಮಾನ ನಿಲ್ದಾಣದ ಸರಕಿನ ಶೆಡ್ಡು ಕಾಣುತ್ತದೆ. ಬಲೆ ಬಿಗಿದ ಪೆಟ್ಟಿಗೆಗಳನ್ನು ಇಡೀ ದಿನ ಒಳಗೆ ತಳ್ಳುತ್ತಲೇ ಇರುತ್ತಾರೆ.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ನಾವು ಹೊಸ ಪೈಲಟ್‌ಗಳು ಓಡಿಸಬೇಕಾದ ವಿಮಾನ ಆರಿಸಿಕೊಳ್ಳುವ ದಿನ ಇವತ್ತೇ ಇತ್ತು. ನಾನು ಸಣ್ಣದನ್ನು ತೆಗೆದುಕೊಂಡೆ.

ಪತ್ರ ಮಡಚಿಡಬೇಡಿ ಅತ್ತೆ, ಮುಂದೆ ಓದಿ. ದೊಡ್ಡದು ಸಿಗಲಿಲ್ಲ ಎಂದಲ್ಲ. ಸಿಕ್ಕಿತ್ತು.

ಇಲ್ಲಿ ಹೊಸಬರ ಪದ್ಧತಿ ಕೇಳಿದರೆ ನಿಮಗೆ ನಗು ಬರುತ್ತದೆ. ಅಂಕ ನೋಡುವುದಿಲ್ಲ, ಹಿಂದೆ ಎಷ್ಟು ಹಾರಿಸಿದ್ದೀರಿ ಎಂದೂ ನೋಡುವುದಿಲ್ಲ. ಒಂದೇ ತಂಡದಲ್ಲಿ ಸೇರಿದವರಲ್ಲಿ ವಯಸ್ಸಿನಲ್ಲಿ ಹಿರಿಯರಿಗೆ ಮೊದಲ ಆಯ್ಕೆ. ಹಾಗಾಗಿ ನಾನು ಒಂದನೇ ನಂಬರು. ಪಟ್ಟಿಯಲ್ಲಿ ನನ್ನ ನಂತರದವರು ಹೊಲಗಳಿಗೆ ಔಷಧಿ ಸಿಂಪಡಿಸುವ ವಿಮಾನ ಓಡಿಸಿ ಬಂದವರು. ಎಲ್ಲರೂ ಅವರನ್ನು ಔಷಧಿ ಅಣ್ಣ ಎನ್ನುತ್ತಾರೆ. ನನಗಿಂತ ನಾಲ್ಕು ತಿಂಗಳು ಚಿಕ್ಕವರು. ಮೊದಲ ದಿನದಿಂದ ಒಂದೇ ಕಾಟ. “ಅಕ್ಕ, ಸ್ಕೂಲಿಗೆ ಸೇರಿಸುವಾಗ ನಿಮ್ಮ ವಯಸ್ಸು ಜಾಸ್ತಿ ಬರೆಸಿರಬಹುದು, ಒಂದ್ಸಲ ಮನೇಲಿ ಕೇಳಿ ನೋಡಿ” ಎನ್ನುತ್ತಿದ್ದರು. ವಯಸ್ಸಾಗಿದ್ದಕ್ಕೆ ಹೊಟ್ಟೆಕಿಚ್ಚು ಪಡುವವರನ್ನು ಇಲ್ಲೇ ನೋಡಿದ್ದು.

ಅವರ ಆಸೆಗೂ ಕಾರಣವಿತ್ತು. ಈ ಸಲ ದೊಡ್ಡ ವಿಮಾನಕ್ಕೆ ಇದ್ದದ್ದು ಒಂದೇ ಜಾಗ. ನಾಲ್ಕು ಎಂಜಿನ್ನು, ಮೂತಿಯನ್ನೇ ಮೇಲೆತ್ತಿ ಸರಕು ತುಂಬಿಸಿಕೊಳ್ಳುತ್ತದೆ. ಹೊರಟರೆ ಎರಡು ವಾರ ಮನೆ ಕಡೆ ಮುಖವಿಲ್ಲ. ಸಣ್ಣದಕ್ಕೆ ಎರಡೇ ಎಂಜಿನ್ನು. ಸಂಜೆ ಪಾರ್ಸೆಲ್ ತುಂಬಿಕೊಂಡು ಹೊರಟರೆ ಬೆಳಗಾಗುವುದರೊಳಗೆ ವಾಪಸ್ಸು.

ನೀವು ಫೋನಿನಲ್ಲಿ ಹೇಳಿದ್ದು ನೆನಪಿದೆ. “ದೊಡ್ಡದು ಸಿಕ್ಕಿದ್ರೆ ಬಿಡಬೇಡ ಕಣಮ್ಮ. ನನ್ನ ಮಗ ಆಸೆಪಟ್ಟಿದ್ದು. ಬಟಾಣಿ ನಂಗೇನು ಭಾರ ಅಲ್ಲ.” ಕೆಳಮನೆಯ ಟೈಲರಮ್ಮನಿಗೆ, ನನ್ನ ಸೊಸೆ ಮನೆಯಷ್ಟು ದೊಡ್ಡ ವಿಮಾನ ಓಡಿಸುತ್ತಾಳೆ ಎಂದು ಆಗಲೇ ಹೇಳಿಬಿಟ್ಟಿದ್ದೀರಂತೆ. ಅವರು ನನಗೆ ಶುಭಾಶಯ ಕಳಿಸಿದ್ದರು. ಈಗ ನಿಮಗೆ ಅವರ ಮುಂದೆ ಮುಖ ಸಣ್ಣದಾಗುತ್ತದೆ. ಯೋಚಿಸದೆ ಮಾಡಿದ್ದಲ್ಲ.

ಬೆಳಿಗ್ಗೆ ಏನಾಯಿತು ಅಂದರೆ, ನಮಗೆ ಪಾಠ ಹೇಳುವ ನಿವೃತ್ತ ಕ್ಯಾಪ್ಟನ್ನರು ಪಟ್ಟಿ ಹಿಡಿದು ನಿಂತು “ಒಂದು” ಎಂದರು. ಯಾರೂ ಏಳಲಿಲ್ಲ. ನಾನು ಎಡಗಡೆ ತಿರುಗಿ ನೋಡಿದೆ. ಅಲ್ಲಿ ಒಂದು ಕುರ್ಚಿ, ಅದರ ಮೇಲೆ ಯಾರದೋ ಕೋಟು. ಅವರು ಸ್ವಲ್ಪ ಹೊತ್ತು ಕಾದು “ಎರಡು” ಎಂದರು. ಆಗ ನಾನು ಎದ್ದು ನಿಂತೆ. ಹಿಂದಿನಿಂದ ಔಷಧಿ ಅಣ್ಣನೂ ಎದ್ದರು. ಇಬ್ಬರೂ ನಿಂತದ್ದು ನೋಡಿ ತರಗತಿಯೆಲ್ಲ ಗೊಳ್ಳೆಂದು ನಕ್ಕಿತು.

“ಅಕ್ಕ, ನೀವು ಒಂದು. ಎರಡು ನಾನು,” ಎಂದರು ಅವರು, ಮೆಲ್ಲಗೆ.

ಅವರಿಗೆ ಗೊತ್ತಿಲ್ಲ. ನಿಮಗೆ ಗೊತ್ತು. ಹಾರಾಟ ಕಲಿತ ಶಾಲೆಯಲ್ಲಿ, ಆಮೇಲೆ ಬಾಡಿಗೆ ವಿಮಾನದ ಕಂಪನಿಯಲ್ಲಿ, ಎಲ್ಲಿ ಪಟ್ಟಿ ಓದಿದರೂ ಒಂದು ಎಂದರೆ ನಿಮ್ಮ ಮಗ, ಎರಡು ಎಂದರೆ ನಾನು. ಈ ಕಂಪನಿಗೂ ಇಬ್ಬರೂ ಒಟ್ಟಿಗೇ ಅರ್ಜಿ ಹಾಕಿದ್ದೆವು. ಅವತ್ತು ಅಡಿಗೆಮನೆಯಲ್ಲಿ ನಮ್ಮಿಬ್ಬರಿಗೆ ಜಗಳವಾದದ್ದು ನೀವೂ ಕೇಳಿದ್ದೀರಿ. ವಯಸ್ಸಿನಲ್ಲಿ ನಾನು ಹಿರಿಯ, ದೊಡ್ಡದು ನನಗೆ, ನೀನು ಪಾರ್ಸೆಲ್ ಹಂಚಿಕೊಂಡು ಮನೆಗೆ ಬಾ ಎಂದು ಅವರು ಛೇಡಿಸಿದ್ದರು. ಹಾಗಾದರೆ ಮಗಳ ಜಡೆ ಹಾಕುವವರು ಯಾರು ಎಂದು ನಾನು ಕೇಳಿದ್ದೆ. ನೀವು ಮಧ್ಯೆ ಬಂದು, ಇಬ್ಬರೂ ಹೊರಗೆ ಹೋಗಿ ಕಿತ್ತಾಡಿ, ಹಾಲು ಉಕ್ಕುತ್ತಿದೆ ಎಂದಿರಿ. ಆಮೇಲೆ ಆಸ್ಪತ್ರೆಗೆ ಹೋದ ನಿಮ್ಮ ಮಗ ಮನೆಗೆ ಬರಲಿಲ್ಲ. ಕಂಪನಿಯಿಂದ ಕರೆ ಬಂದದ್ದು ನನ್ನೊಬ್ಬಳಿಗೆ.

ಅವರಿದ್ದಿದ್ದರೆ ಇವತ್ತು ಒಂದು ಎಂದಾಗ ಅವರೇ ಏಳುತ್ತಿದ್ದರು. ಅಷ್ಟೇ ನನ್ನ ತಲೆಯಲ್ಲಿದ್ದದ್ದು.

ಮತ್ತೆ ಎದ್ದು ಹೋಗಿ ಬಂದೆ. ಕಾರಿಡಾರಿನಲ್ಲಿ ಆಚೆ ತುದಿಯವರೆಗೆ ನಡೆದು, ನೀರು ಕುಡಿದೆ; ಬಾಯಾರಿಕೆಯೇನೂ ಇರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ಕ್ಯಾಪ್ಟನ್ನರು ನಗಲಿಲ್ಲ. ಎಲ್ಲರೂ ಟೀ ಕುಡಿದು ಬನ್ನಿ ಎಂದು ಪಟ್ಟಿ ಮಡಚಿಟ್ಟರು. ನನ್ನ ಹತ್ತಿರ ಬಂದು, ಹೇಳಿದ ಮೇಲೆ ಬದಲಾಯಿಸಲು ಬರುವುದಿಲ್ಲ, ವರ್ಷಗಟ್ಟಲೆ ಅದರಲ್ಲೇ ಇರಬೇಕು, ಯೋಚನೆ ಮಾಡಿ ಎಂದರು. ನಾನು ಹೊರಗೆ ಹೋಗಿ ಬಂದೆ. ಮತ್ತೆ “ಒಂದು” ಎಂದಾಗ ಎದ್ದು ನಿಂತು ಸಣ್ಣದು ಎಂದೆ. ಅವರು ಇನ್ನೊಮ್ಮೆ ಕೇಳಿದರು. ಇನ್ನೊಮ್ಮೆಯೂ ಅದನ್ನೇ ಹೇಳಿದೆ.

ಔಷಧಿ ಅಣ್ಣ ತಮ್ಮ ಸರದಿ ಬಂದಾಗ ದೊಡ್ಡದು ಎಂದರು. ಊಟದ ಹೊತ್ತಿಗೆ ನನ್ನ ಎದುರು ಬಂದು ಕೂತು, ನನಗೋಸ್ಕರ ಬಿಟ್ಟುಕೊಟ್ಟಿರಾ ಎಂದು ಕೇಳಿದರು. ನಿಮಗೆ ಬಿಟ್ಟುಕೊಡುವಷ್ಟು ಒಳ್ಳೆಯವಳಲ್ಲ ನಾನು ಎಂದೆ. ನಂಬಿದ ಹಾಗೆ ಕಾಣಲಿಲ್ಲ; ತಮ್ಮ ತಟ್ಟೆಯ ಹಣ್ಣನ್ನು ನನ್ನ ತಟ್ಟೆಗೆ ಹಾಕಿ ಎದ್ದು ಹೋದರು.

ಟೈಲರಮ್ಮ ಕೇಳಿದರೆ ಹೀಗೆ ಹೇಳಿ: ಮಗು ಈ ವರ್ಷ ಶಾಲೆಗೆ ಸೇರುತ್ತದೆ, ಬೆಳಿಗ್ಗೆ ತಾಯಿ ಮನೆಯಲ್ಲಿರಬೇಕು, ನಿಮಗೆ ಮಂಡಿನೋವು. ಎಲ್ಲವೂ ನಿಜವೇ. ಕ್ಯಾಪ್ಟನ್ನರಿಗೂ ಇದನ್ನೇ ಒಪ್ಪಿಸಿದೆ. ಬಾಯಿಪಾಠದ ಹಾಗೆ ಬಂತು.

ನಿಮ್ಮ ಮಗನ ಆಸೆಯನ್ನು ಕೈಗೆ ಸಿಕ್ಕಾಗ ಬಿಟ್ಟೆ ಎಂದು ನಿಮಗೆ ನೋವಾಗುತ್ತದೆ. ನಿಮ್ಮ ನೋವಿನ ಮುಂದೆ ನನ್ನದನ್ನು ಇಟ್ಟು ತೂಗುವುದಿಲ್ಲ. ಮಾತ್ರೆ ತಪ್ಪಿಸಬೇಡಿ. ಬಟಾಣಿಯ ಕೆಂಪು ಸ್ವೆಟರಿನ ತೋಳು ಗಿಡ್ಡವಾಗಿದೆ, ಬಿಚ್ಚಿಡಿ, ಬಂದು ಉದ್ದ ಮಾಡುತ್ತೇನೆ. ಬೈಯುವುದನ್ನೆಲ್ಲ ಬೈದು ಮುಗಿಸಿ, ಕೊನೆಗೆ ಆಶೀರ್ವಾದ ಮಾಡಿ.

ನಿಮ್ಮ ಸೊಸೆ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಟೀ ಬಿಡುವಿನಲ್ಲಿ ಮನೆಗೆ ಫೋನ್ ಮಾಡಿದ್ದೆ. ದೊಡ್ಡದನ್ನೇ ತೆಗೆದುಕೊಳ್ಳುತ್ತೇನೆ ಎಂದು ನಿಮಗೆ ಹೇಳಲೆಂದೇ ಮಾಡಿದ್ದು. ನೀವು ಸ್ನಾನಕ್ಕೆ ಹೋಗಿದ್ದಿರಿ, ಬಟಾಣಿ ಎತ್ತಿದಳು. ಅಮ್ಮನಿಗೆ ದೊಡ್ಡ ವಿಮಾನ ಕೊಡುತ್ತಾರಂತೆ ಎಂದೆ. “ಅಪ್ಪ ಹೋಗಿದ್ದಾನಲ್ಲ, ಅದಾ?” ಎಂದಳು. ನಾನು ಏನಾದರೂ ಹೇಳುವ ಮೊದಲೇ, “ಹಾಗಾದ್ರೆ ಅಪ್ಪನ ಪಕ್ಕದ ಸೀಟು ನಿಂಗೆ. ಬರೋವಾಗ ಕರ್ಕೊಂಡು ಬಾ, ಮರೀಬೇಡ” ಎಂದಳು.

ಅವತ್ತು ಅಪ್ಪನ ಬೂಟು ಮಡಿಲಲ್ಲಿಟ್ಟುಕೊಂಡು ಬಾಗಿಲಲ್ಲಿ ಕೂತವಳನ್ನು ಎಬ್ಬಿಸಲು ನೀವು, ಅಪ್ಪ ದೊಡ್ಡ ವಿಮಾನದಲ್ಲಿ ಹೋಗಿದ್ದಾನೆ ಎಂದು ಹೇಳಿದಿರಿ. ನಾನೂ ಅಲ್ಲೇ ಇದ್ದೆ, ಹೂಂ ಎಂದೆ. ನಿಮ್ಮ ಮೇಲೆ ನನಗೆ ಕೋಪವಿಲ್ಲ ಅತ್ತೆ. ದೊಡ್ಡವರಾದ ನಮಗೆ, ಹೋದರು ಎಂದರೆ ತಿಳಿಯುತ್ತದೆ. ಅವಳ ಲೆಕ್ಕದಲ್ಲಿ ಹೋದವರು ಬರುತ್ತಾರೆ.

ಮುಂದಿನ ಭಾನುವಾರ ರಜೆಯಿದೆ, ಬರುತ್ತೇನೆ. ಇಬ್ಬರೂ ಅವಳನ್ನು ಕೂರಿಸಿಕೊಂಡು ಹೇಳೋಣ. ನನಗೊಬ್ಬಳಿಗೆ ಆಗುವುದಿಲ್ಲ. ಅಲ್ಲಿಯವರೆಗೆ ಅವಳು ಕೇಳಿದರೆ, ಅಮ್ಮ ತೆಗೆದುಕೊಂಡದ್ದು ಅಪ್ಪನ ವಿಮಾನ ಅಲ್ಲ, ಬೇರೆ, ಇದು ಬೆಳಿಗ್ಗೆ ವಾಪಸ್ಸು ಬರುತ್ತದೆ ಎಂದಷ್ಟೇ ಹೇಳಿ.