ಗೋಡೆಯಾಚೆಯ ನರಳಿಕೆಗೆ ಸಾಕ್ಷಿಯಿಲ್ಲ

ಗುಳೇದಗುಡ್ಡ,
ಫೆಬ್ರವರಿ ಮೂವತ್ತು, 2319

ಬಹಳ ಹಿಂದೆ ಬದುಕಿರುವ ಹಿರಿಯರಿಗೆ ಈರಸಂಗಪ್ಪ ಬರಗುಂಡಿಯ ಶರಣು.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನೀವು ಮಾರ್ಫಿನ್ ಎನ್ನುವುದನ್ನು ನಾವು ತಡೆಮದ್ದು ಎನ್ನುತ್ತೇವೆ. ಪ್ರತಿ ಓಣಿಯಲ್ಲೂ ನೀರಿನ ಟಾಕಿಯ ಪಕ್ಕ ಅದರದೊಂದು ಕಪಾಟು ಇದೆ. ಮದ್ದಿಗಾಗಿ ಅರ್ಜಿ ಹಾಕಿದವರ ಮನೆಗೆ ಇಬ್ಬರು ನೋವುಸಾಕ್ಷಿಗಳು ಹೋಗಿ, ಕಿವಿಪೆಟ್ಟಿಗೆ ಎಂಬ ಸಣ್ಣ ಯಂತ್ರವನ್ನು ಮಂಚದ ಮೇಲಿಟ್ಟು, ‘ಹೆಂಗದೀರಿ?’ ಎಂದು ಒಂದೇ ಸಲ ಕೇಳಬೇಕು. ರೋಗಿ ತನ್ನ ಬಾಯಿಂದಲೇ ನೋವು ಎಂದರೆ ಕಪಾಟು ತೆರೆಯುತ್ತದೆ. ಇಲ್ಲದಿದ್ದರೆ ಮುಂದಿನ ವಾರದವರೆಗೆ ಬೀಗ. ಸಾಕ್ಷಿ ಹೇಳಿಕೊಡುವಂತಿಲ್ಲ, ಹೇಳಿಕೊಟ್ಟರೆ ಇಡೀ ಓಣಿಯ ಕಪಾಟೇ ಮುಚ್ಚುತ್ತದೆ. ನಿಮ್ಮ ಕಾಲದಲ್ಲೇ ಈ ಮದ್ದು ಬೀದಿಯಲ್ಲಿ ಸಿಕ್ಕು ಎಷ್ಟೋ ಹುಡುಗರು ಚಟಕ್ಕೆ ಬಿದ್ದು ಸತ್ತರಂತೆ. ಆ ಹೆದರಿಕೆಯಿಂದ ಹುಟ್ಟಿದ ಕಾನೂನಿದು, ಸುಳ್ಳು ಹೆದರಿಕೆಯೇನಲ್ಲ.

ನಾನು ನಮ್ಮ ಓಣಿಯ ನೋವುಸಾಕ್ಷಿ. ಪಕ್ಕದ ಮನೆಯ ಶಿವಗಂಗಕ್ಕನಿಗೆ ಎಲುಬಿನ ಕ್ಯಾನ್ಸರು. ಜೀವನವಿಡೀ ಮಗ್ಗದಲ್ಲಿ ಕುಪ್ಪಸದ ಕಣ ನೇಯ್ದ ಹೆಂಗಸು. ನಮ್ಮಿಬ್ಬರ ಮನೆಗೂ ಒಂದೇ ಗೋಡೆ, ಆಕೆ ನರಳುವುದು ನನಗೆ ದಿನವೂ ಕೇಳಿಸುತ್ತದೆ. ಆದರೆ ಗೋಡೆಯಾಚೆಯಿಂದ ಕೇಳಿದ್ದು ಸಾಕ್ಷಿಯಲ್ಲ.

ಇವತ್ತು ಮುಂಜಾನೆ ಅವರ ಮನೆಗೆ ಹೋದೆವು. ನನ್ನ ಜೊತೆಯ ಸಾಕ್ಷಿ ಗುರುಬಸಪ್ಪನವರು ಅಕ್ಕನ ಬೀಗರು, ಮಗಳು ನೀಲವ್ವನ ಮಾವ. ಅವರನ್ನು ಕಂಡದ್ದೇ ಅಕ್ಕ ತಲೆಯ ಮೇಲೆ ಸೆರಗು ಎಳೆದುಕೊಂಡು, ಹಲ್ಲು ಕಚ್ಚಿ ಎದ್ದು ಕೂತರು. ನಾನು ಪೆಟ್ಟಿಗೆ ಇಟ್ಟು ಕೇಳಿದೆ. ಮನೆಗೆ ಬಂದ ಬೀಗರ ಮುಂದೆ ನಮ್ಮ ಕಡೆಯ ಹೆಂಗಸು ಬೇರೇನು ಹೇಳಿಯಾಳು?

“ಆರಾಮದೀನ್ರೀ. ಕೂಡ್ರಿ, ಚಾ ಮಾಡಸ್ತೀನಿ.”

ಪೆಟ್ಟಿಗೆಯ ದೀಪ ಆರಿತು. ಬಾಗಿಲಲ್ಲಿ ನಿಂತಿದ್ದ ನೀಲವ್ವ ಬಾಯಿ ಬಡಿದುಕೊಂಡು, “ಯವ್ವಾ, ಅವ್ರು ಬೀಗರಾಗಿ ಬಂದಿಲ್ಲಬೇ!” ಎಂದು ಅತ್ತಳು. ಆದರೆ ಮಗಳ ಮಾತು ಪೆಟ್ಟಿಗೆಗೆ ಲೆಕ್ಕಕ್ಕಿಲ್ಲ. ಚಹಾ ಬಂತು. ನಾನು ಕುಡಿದೆ.

ನಿಮ್ಮ ಕಾಲದಲ್ಲಿ ಈ ಕಾನೂನಿನ ಮೊದಲ ಸಾಲುಗಳನ್ನು ಬರೆಯುತ್ತಿದ್ದೀರಂತೆ. ಬೀಗ ಹಾಕಿ, ಬೇಡವೆನ್ನುವುದಿಲ್ಲ. ಆದರೆ ನೋವನ್ನು ಬಾಯಿಬಿಟ್ಟು ಹೇಳಲಾರದವರೂ ಇರುತ್ತಾರೆ. ಅವರ ಮಗಳನ್ನು ಕೇಳಿ, ಪಕ್ಕದ ಮನೆಯವನನ್ನೂ ಕೇಳಿ.

ಬರೆಯುತ್ತಿರುವಾಗಲೇ ಆ ಕಡೆ ಸಣ್ಣಗೆ ನರಳಿದ ಸದ್ದಾಯಿತು, ತಟ್ಟನೆ ನಿಂತಿತು. ನಾನು ಮನೆಯಲ್ಲಿರುವುದು ಅಕ್ಕನಿಗೆ ಗೊತ್ತು. ನನಗೆ ತೊಂದರೆಯಾದೀತೆಂದು ತಡೆದುಕೊಂಡಿದ್ದಾರೆ. ಕಾಗದ ಇಲ್ಲಿಗೇ ನಿಲ್ಲಿಸುತ್ತೇನೆ. ನಾನು ಹೊರಟೆನೆಂದು ಅವರಿಗೆ ತಿಳಿಯುವಂತೆ ಬಾಗಿಲನ್ನು ಜೋರಾಗಿ ಎಳೆದುಕೊಂಡು ಹೋಗುತ್ತೇನೆ. ಸ್ವಲ್ಪ ಹೊತ್ತು ಬಾಯಿಬಿಟ್ಟು ಅಳಲಿ.