ಸುಣ್ಣದ ಗೆರೆಯ ಮನೆ

ಮೇಸ್ತ್ರಿಗಳಿಗೆ ನಮಸ್ಕಾರ.

ಕಾರ್ ಶೆಡ್ಡಿನ ಮೇಲೆ ನೀವು ಮೊದಲು ಕಟ್ಟಿಕೊಟ್ಟ ಕೋಣೆ ಇಬ್ಬರಿಗೆ ಇಕ್ಕಟ್ಟಾಗಿತ್ತು, ಈಗ ನನ್ನೊಬ್ಬನಿಗೆ ಧಾರಾಳವಾಗಿದೆ. ದೊಡ್ಡ ಮನೆಯ ಕೆಲಸ ಇನ್ನು ಬೇಡ. ಇಳಿಸಿದ ಇಟ್ಟಿಗೆಯನ್ನು ಬೇರೆ ಕಡೆ ಬಳಸಿಕೊಳ್ಳಿ.

ಒಂದು ಉಪಕಾರವಾಗಬೇಕು. ಪಾಯಕ್ಕೆಂದು ನೀವು ಹಾಕಿದ್ದ ಸುಣ್ಣದ ಗೆರೆ ಮಳೆಗೆ ಅಳಿಸಿಹೋಗಿದೆ. ಬಂದು ಮತ್ತೊಮ್ಮೆ ಎಳೆದುಕೊಡಿ.

ನೀವು ಗೆರೆ ದಾಟಿದಾಗ ನನ್ನಾಕೆ, "ಗೋಡೆ ತೂರ್ಕೊಂಡು ಬರ್ತೀರಲ್ಲ, ಬಾಗಿಲು ಕಾಣ್ಸಲ್ವಾ?" ಎಂದು ಗದರಿಸಿದ್ದು ನೆನಪಿರಬೇಕು. ಅವಳು ತೀರಿಕೊಂಡ ಮೇಲೂ ನಾನು ಬಾಗಿಲಿನಿಂದಲೇ ಓಡಾಡುತ್ತಿದ್ದೆ.

ಅಡುಗೆಮನೆ ಎಂದು ಅವಳು ಕುರ್ಚಿ ಹಾಕಿಕೊಂಡು ಕೂರುತ್ತಿದ್ದ ಜಾಗಕ್ಕೆ ನಿನ್ನೆ ಹೋದೆ. ಬಾಗಿಲು ಯಾವ ಕಡೆಗಿತ್ತೆಂದು ತಿಳಿಯಲಿಲ್ಲ. ಹೊರಗೇ ನಿಂತಿದ್ದು ಬಂದೆ.

ಇಂತಿ,
ನಿಮ್ಮ ಶೆಡ್ ಯಜಮಾನ