ಹಿಂದಿನ ಸೀಟು ಕಿತ್ತ ಗಾಡಿ

ಜಹೀರಾಬಾದ್
ಮೇ 2014

ಕಲ್ಹೇರಿನ ವೀರಪ್ಪನವರ ಮಗ ಅಮರನಾಥನಿಗೆ,

ಕ್ಷೇಮ ಸಮಾಚಾರ ಕೇಳುವಂಥದ್ದು ನಮ್ಮಿಬ್ಬರ ನಡುವೆ ಏನೂ ಉಳಿದಿಲ್ಲ, ಆದ್ದರಿಂದ ನೇರ ವಿಷಯಕ್ಕೇ ಬರುತ್ತೇನೆ. ನೀನು ಎಲ್ಲರಿಗೂ ಕಳಿಸಿದ ಮೆಸೇಜನ್ನು ನಮ್ಮ ಕಾಲೇಜಿನ ಶಿಲ್ಪಾರಾಣಿ ನಿನ್ನೆ ತೋರಿಸಿದಳು. ತೆಲಂಗಾಣ ಬಂದ ಖುಷಿಗೆ ಜೂನ್ ಎರಡರ ಮೆರವಣಿಗೆಯಲ್ಲಿ ನಿನ್ನ ಹಳೇ ಎಸ್ಟೇಟ್ ಕಾರಿಗೆ ಹಾರ ಹಾಕಿ ಮುಂದೆ ಬಿಡುತ್ತೀಯಂತೆ. 'ಚಳವಳಿಯ ಗಾಡಿ' ಅಂತ ಬ್ಯಾನರ್ ಬೇರೆ. ಅದರಲ್ಲಿ ಓಡಾಡಿದವರೆಲ್ಲ ಗಾಡಿ ಹೇಗೆ ಓಡುತ್ತಿತ್ತು ಎಂದು ನಾಲ್ಕು ಮಾತು ಬರೆದುಕೊಡಬೇಕಂತೆ, ಸ್ಟೇಜಿನ ಮೇಲೆ ಓದಿಸುತ್ತೀಯಂತೆ. ನನಗೆ ಮಾತ್ರ ಮೆಸೇಜ್ ಬರಲಿಲ್ಲ. ಬರದಿದ್ದರೂ ಬರೆಯುತ್ತೇನೆ. ಆ ಗಾಡಿಯನ್ನು ನನ್ನಷ್ಟು ಬಲ್ಲವರು ಇನ್ಯಾರಿದ್ದಾರೆ?

ಓಟದ ಬಗ್ಗೆ ಸುಳ್ಳು ಹೇಳುವುದಿಲ್ಲ. ಬಲು ಜೋರು ಗಾಡಿ. ಹಳೇ ಡಬ್ಬವನ್ನು ನೀನು ಬೀದರಿನ ಮಿಸ್ತ್ರಿಯ ಕೈಗೆ ಕೊಟ್ಟು, ದೊಡ್ಡ ಎಂಜಿನ್ ಕೂರಿಸಿ, ಟರ್ಬೊ ಹಾಕಿಸಿ, ಅಗಲ ಟೈರು ತೊಡಿಸಿ, ನೆಲಕ್ಕೆ ತಾಗುವಷ್ಟು ತಗ್ಗಿಸಿದ್ದೆ. ಡಿಕ್ಕಿಯೂ ಒಳಗೇ ಸೇರಿದ ಅದರ ಉದ್ದ ಬೆನ್ನು ನೋಡಿ ಜನ ಹೆಣ ಒಯ್ಯುವ ಗಾಡಿ ಎಂದು ನಗುತ್ತಿದ್ದರು. ಹೈವೇಗೆ ಬಿದ್ದ ಮೇಲೆ ಅವರ ಹೊಸ ಕಾರುಗಳೇ ಹಿಂದೆ ಉಳಿಯುತ್ತಿದ್ದವು. ಮೂರನೇ ಗೇರಿನಲ್ಲಿ ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಯಾರೋ ಬೆನ್ನಿಗೆ ಗುದ್ದಿದಂತೆ ಮುಂದಕ್ಕೆ ಹಾರುತ್ತಿತ್ತು. ಆಗೆಲ್ಲ ನೀನು ನನ್ನ ಮುಖ ನೋಡುತ್ತಿದ್ದೆ, ನಾನು ಚೀರಿ ನಗುತ್ತಿದ್ದೆ. ಮಂಜೀರಾ ಸೇತುವೆ ಬರುವ ತನಕ ನಾನು ನಿನ್ನ ಪಕ್ಕದ ಸೀಟಿನಲ್ಲೇ ಇರುತ್ತಿದ್ದೆ.

ಸೇತುವೆ ದಾಟಿದರೆ ನಾರಾಯಣಖೇಡದ ಸೀಮೆ, ಹೆಜ್ಜೆಗೊಬ್ಬ ನಿನ್ನ ನೆಂಟ. ಹಿಂದಿನ ಸೀಟು ಕಿತ್ತು ಹಾಕಿಸಿದಾಗ ನೀನು 'ತೂಕ ಕಮ್ಮಿ ಆದ್ರ ಜೋರ್ ಓಡ್ತದ' ಎಂದೆ. ಗಾಜಿಗೆ ಕರಿ ಫಿಲ್ಮ್ ಅಂಟಿಸಿದಾಗ 'ಬಿಸಲ ಭಾಳ ಅದ' ಎಂದೆ. ನಾನು ನಂಬಿದೆ. ಎಸ್ಟೇಟ್ ಗಾಡಿಯ ದೊಡ್ಡ ಸೌಕರ್ಯ ಏನು ಗೊತ್ತೇ? ಕೆಳಗೆ ಇಳಿಯದೆಯೇ ಡಿಕ್ಕಿಗೆ ಹೋಗಬಹುದು. ನಿನ್ನ ನೆಂಟರ ಕಣ್ಣಿಗೆ ಬೀಳದಂತೆ ನಾನು ಸೀಟುಗಳ ನಡುವೆ ನುಸುಳಿ ಹಿಂದೆ ಹೋಗಿ ಗೋಣಿತಟ್ಟಿನ ಮೇಲೆ ಮಲಗಬೇಕು. 'ಊರ್ ದಾಟೋ ತನ ಅಷ್ಟೇ, ಧಮ್ಮಾ' ಎಂದು ನನ್ನನ್ನು ರಮಿಸುತ್ತಿದ್ದೆ ನೀನು. ನೀನು ಬಿಗಿ ಮಾಡಿಸಿದ ಸ್ಪ್ರಿಂಗಿಗೆ ಒಂದೊಂದು ಗುಂಡಿಯೂ ಪಕ್ಕೆಲುಬಿಗೆ ತಾಗುತ್ತಿತ್ತು. ಕಿವಿಯ ಕೆಳಗೇ ಸೈಲೆನ್ಸರ್, ಅದರ ಬಿಸಿಗೆ ಕೆನ್ನೆ ಸುಡುತ್ತಿತ್ತು. ಕಾಲೇಜಿನಲ್ಲಿ ಮಕ್ಕಳು ಎದ್ದು ನಿಂತು ನಮಸ್ಕಾರ ಹೇಳುವ ಮೇಡಂ ನಾನು. ನೀನು ಅದೇ ಗಾಡಿಯಿಂದ ಇಳಿದು ಮೈಕ್ ಹಿಡಿದು, ನಮಗೆ ಬೇಕಾದ್ದು ಮಾನ, ಸಮಾನತೆ ಎಂದು ಗುಡುಗುತ್ತಿದ್ದೆ. ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ!

ತೆಲಂಗಾಣಕ್ಕಾಗಿ ನಡೆದ 2011ರ ಮುಷ್ಕರ ನಿನಗೆ ನೆನಪಿರಲೇಬೇಕು. ಬಸ್ಸಿಲ್ಲ, ಶಾಲೆಯಿಲ್ಲ, ನಾನೂ ಮುಷ್ಕರದಲ್ಲಿದ್ದೆ. 'ಇವತ್ತು ಅಪ್ಪಗ ಹೇಳೇಬಿಡ್ತೀನಿ, ನಡಿ ಮನಿಗಿ' ಎಂದೆ ನೀನು. ನಾನು ಹೊಸ ಸೀರೆ ಉಟ್ಟು ಬಂದೆ. ಆದರೂ ಕಲ್ಹೇರು ಹತ್ತಿರ ಬಂದಾಗ ನಿನ್ನ ಬಾಯಿಂದ ಬಂದದ್ದು ಅದೇ ಮಾತು, ಊರ ಬಾಗಿಲ ತನಕ ಹಿಂದೆ ಇರು ಎಂದು. ಮದುವೆಯ ಮಾತಾಡಲು ಹೊರಟವಳು ಗೋಣಿತಟ್ಟಿನ ಮೇಲೆ ಮಲಗಿ ಹೊರಟೆ.

ಊರ ಬಾಯಲ್ಲೇ ರಸ್ತಾ ರೋಕೋ. ಮುಷ್ಕರ ಮುರಿದು ಯಾರಾದರೂ ಮಾಲು ಸಾಗಿಸುತ್ತಾರೇನೋ ಎಂದು ಹುಡುಗರು ಎಲ್ಲರ ಗಾಡಿ ನೋಡುತ್ತಿದ್ದರು. ನಿನ್ನ ಹಿಂಬಾಗಿಲನ್ನೂ ಎತ್ತಿದರು. ನಾನು ಬೆವರಿನಲ್ಲಿ ತೊಯ್ದು ಮಲಗಿದ್ದೆ. ಅಲ್ಲೇ ಕಟ್ಟೆಯ ಮೇಲೆ ಕೂತಿದ್ದ ನಿಮ್ಮಪ್ಪ ಎದ್ದು ಬಂದರು.

'ಯಾರೋ ಈಕಿ?'

ಇದಕ್ಕಿಂತ ಸುಲಭದ ಪ್ರಶ್ನೆಯನ್ನು ನಿನಗೆ ಯಾರೂ ಕೇಳಿರಲಿಕ್ಕಿಲ್ಲ. ನೀನು ಹೇಳಿದೆ: 'ಕೇರಿ ಕಡಿ ಕೂಲಿಯಾಕಿರಿ ಅಪ್ಪ. ಜ್ವರ ಬಂದಾವ, ದವಾಖಾನಿಗಿ ಒಯ್ಯಾಕತ್ತೀನಿ.'

ನಿಮ್ಮಪ್ಪ ಕೆಟ್ಟವರಲ್ಲ. 'ಅಯ್ಯ ಪಾಪ' ಎಂದು ಓಡಿ ಹೋಗಿ ಚಂಬಿನಲ್ಲಿ ನೀರು ತಂದರು. ನನ್ನ ಬೊಗಸೆಗೆ, ಮೇಲಿನಿಂದ, ತಾಗದಂತೆ ಹೊಯ್ದರು. ಮೂರು ತಲೆಮಾರಿನಿಂದ ಬೌದ್ಧರು ನಾವು. ನನ್ನ ಅಜ್ಜಿ ಇನ್ನು ಯಾರ ಮುಂದೆಯೂ ಬೊಗಸೆ ಒಡ್ಡುವುದಿಲ್ಲ ಎಂದು ಹಟ ಹಿಡಿದು ಮಕ್ಕಳನ್ನು ಓದಿಸಿದವಳು. ನಾನು ಕೈ ಬಿಡಿಸಿ ನೀರು ಚೆಲ್ಲಿ ಎದ್ದು ಕೂತೆ.

'ನನಗ ಜ್ವರ ಇಲ್ರಿ. ನಾ ಧಮ್ಮಶೀಲಾ, ಜಹೀರಾಬಾದ್ ಕಾಲೇಜಿನಾಗ ಪಾಠ ಹೇಳ್ತೀನಿ. ನಿಮ್ಮ ಮಗ ನನ್ನ ಲಗ್ನ ಆಗ್ತೀನಂತ ಕರ್ಕೊಂಡ್ ಬಂದಾನ.'

ಎಲ್ಲರೂ ನಿನ್ನ ಮುಖ ನೋಡಿದರು. ನಾನೂ ನೋಡಿದೆ. ಆಗಲಾದರೂ ಹೂಂ ಅನ್ನುತ್ತೀ ಎಂದುಕೊಂಡಿದ್ದೆ, ಸುಡಲಿ ನನ್ನ ಆಸೆ.

'ಜ್ವರ ತಲಿಗೇರ್ಯಾವರಿ ಅಪ್ಪ, ಬಡಬಡಸಾಕತ್ಯಾಳ' ಎಂದೆ ನೀನು. ಹಿಂಬಾಗಿಲು ಹಾಕಿದೆ. ಹುಡುಗರು ರಸ್ತೆಯ ಕಲ್ಲು ಸರಿಸಿ, ರೋಗಿಗೆ ದಾರಿ ಬಿಡ್ರೋ ಎಂದು ಕೂಗಿ, ಜೈ ತೆಲಂಗಾಣ ಎಂದು ಕಳಿಸಿಕೊಟ್ಟರು. ಗಾಡಿ ಅವತ್ತು ಓಡಿದಷ್ಟು ಜೋರಾಗಿ ಯಾವತ್ತೂ ಓಡಿರಲಿಲ್ಲ.

ಊರಾಚೆ ನೀನು ಗಾಡಿ ನಿಲ್ಲಿಸಿ 'ಏನರ ಒಂದು ಹೇಳ್ಬೇಕಾಗಿತ್ತಲ್ಲ, ಸಿಟ್ಟಾಗಬ್ಯಾಡ' ಎಂದೆ. ನಾನು ಕೀಲಿ ಕಸಿದುಕೊಂಡೆ. ಅಣ್ಣನ ಟ್ರ್ಯಾಕ್ಸ್ ಜೀಪು ಓಡಿಸಿ ಕಲಿತವಳು ನಾನು, ಆದರೂ ಈ ಗಾಡಿ ನನ್ನ ಕೈಗೆ ಬಗ್ಗುವುದಿಲ್ಲ ಎಂದು ನೀನು ಒಂದು ದಿನವೂ ಕೊಟ್ಟಿರಲಿಲ್ಲ. ಸುಳ್ಳು. ಕ್ಲಚ್ ಬಿಗಿ, ನಿಜ. ಸ್ಟೇರಿಂಗ್ ಮಾತ್ರ ಹೇಳಿದಂತೆ ಕೇಳುತ್ತಿತ್ತು. ಖಾಲಿ ರಸ್ತೆ, ಎರಡೂ ಕಡೆ ತೊಗರಿ ಹೊಲ. ಟರ್ಬೊ ಎದ್ದಾಗ ಇಡೀ ಗಾಡಿ ನನ್ನ ಅಂಗಾಲಿನ ಕೆಳಗೆ ಬಂತು. ಅಷ್ಟು ಸಿಟ್ಟಿನಲ್ಲೂ ಖುಷಿಯಾಯಿತು ನೋಡು, ಈಗಲೂ ಅದಕ್ಕೇ ಹೊಟ್ಟೆ ಉರಿಯುತ್ತದೆ. ನೀನು ಬಾಗಿಲ ಹಿಡಿಕೆ ಹಿಡಿದು 'ಸಾವಕಾಶ್, ಸಾವಕಾಶ್' ಎನ್ನುತ್ತಿದ್ದೆ. ನಾನು ಊರಿನ ಕಡೆ ತಿರುಗದೆ ಸುತ್ತುದಾರಿ ಹಿಡಿದು, ಜಹೀರಾಬಾದಿನ ತನಕ ಬ್ರೇಕ್ ಮುಟ್ಟಿದ್ದು ಕಡಿಮೆ. ಬಸ್ ಸ್ಟ್ಯಾಂಡಿನ ಮುಂದೆ, ಹಗಲಿನಲ್ಲಿ, ಎಲ್ಲರೂ ನೋಡುವಂತೆ ಡ್ರೈವರ್ ಸೀಟಿನಿಂದ ಇಳಿದು ಮನೆಗೆ ನಡೆದೆ.

ಆಮೇಲೆ ನೀನು ನಿಮ್ಮವರಲ್ಲೇ ಒಬ್ಬಳನ್ನು, ಪ್ರೇಮಲಾಳನ್ನು ಮದುವೆಯಾದೆ. ಅದಕ್ಕೆ ನನ್ನ ತಕರಾರಿಲ್ಲ. ಈ ಕಾಗದವನ್ನು ಸ್ಟೇಜಿನ ಮೇಲೆ ಓದಿಸುವ ಎದೆ ನಿನಗಿಲ್ಲ, ಅದೂ ಗೊತ್ತು. ಆದರೆ ಶಿಲ್ಪಾರಾಣಿಯ ತವರು ಕಲ್ಹೇರು. ಆ ಗಾಡಿ ಹೊರಗೆ ತೆಗೆದಾಗೆಲ್ಲ ನಿಮ್ಮಪ್ಪ ಈಗಲೂ ಕೇಳುತ್ತಾರಂತೆ: 'ಅವತ್ತ ಜ್ವರ ಬಂದಿತ್ತಲ್ಲ, ಆ ಪೋರಿ ಬದುಕ್ಯಾಳೇನೋ?' ನೀನು 'ಆರಾಮ್ ಅದಾಳರಿ' ಎಂದು ಒಳಗೆ ಹೋಗುತ್ತೀಯಂತೆ.

ಮುಂದಿನ ಸಲ ಕೇಳಿದರೆ ಒಳಗೆ ಹೋಗಬೇಡ. ಅವರ ಎದುರು ನಿಂತು ಹೇಳು: 'ಆಕಿಗಿ ಜ್ವರ ಬಂದೇ ಇರಲಿಲ್ರಿ ಅಪ್ಪ. ಆಕಿ ಖರೇನೇ ಹೇಳಿದ್ಲು.'

ನಿನ್ನ ಬಾಯಿಂದ ಅದನ್ನು ಕೇಳುವ ತನಕ ನಿಮ್ಮಪ್ಪ ಗಟ್ಟಿಯಾಗಿ ಬದುಕಿರಲಿ,

ಧಮ್ಮಶೀಲಾ